ಓಟ್ಸ್ ಗಂಜಿ ಬಡಿಸುವ ಆದೇಶವನ್ನು ಹಿಂಪಡೆಯುವ ಬಗ್ಗೆ

ಪಥ್ಯ ವಿಭಾಗ
ಕೇಂದ್ರ ಸ್ಥಾನ: ಗಿಡ್ಡಮ್ಮನವರ ಮನೆಯ ಅಡುಗೆ ಕೋಣೆ, ಚನ್ನಗಿರಿ
ವ್ಯಾಪ್ತಿ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರಿನಲ್ಲಿರುವ ನಮ್ಮ ನಾಲ್ಕು ಮನೆಗಳು

ಸಂಖ್ಯೆ: ಪ.ವಿ/ಸಕ್ಕರೆ/ಓಟ್ಸ್/ಹಿಂಪಡೆ/೦೩

ಸುತ್ತೋಲೆ

ವಿಷಯ: ಗಿಡ್ಡಮ್ಮನವರನ್ನು ನೋಡಲು ಬಂದವರಿಗೆ ಕಡ್ಡಾಯವಾಗಿ ಓಟ್ಸ್ ಗಂಜಿ ಬಡಿಸುವ ಆದೇಶವನ್ನು ರದ್ದುಪಡಿಸಿ, ಹೊಸ ನಿಯಮಗಳನ್ನು ಜಾರಿಗೊಳಿಸುವ ಕುರಿತು.

ಉಲ್ಲೇಖ:
೧. ಕಣ್ಣಿನ ಡಾಕ್ಟರ ಮೌಖಿಕ ಸೂಚನೆ: "ಶುಗರ್ ಇಳಿಸ್ಕೊಂಡು ಬನ್ನಿ, ಆಮೇಲೆ ಆಪರೇಷನ್."
೨. ಅದೇ ಡಾಕ್ಟರು ಎರಡನೇ ಸಲ ಹೋದಾಗ ನೀಡಿದ ಅದೇ ಸೂಚನೆ, ಸ್ವಲ್ಪ ಜೋರಾಗಿ.
೩. ಈ ವಿಭಾಗದ ಹಿಂದಿನ ಆದೇಶ (ಇನ್ನು ಮುಂದೆ 'ಗಂಜಿ ಆದೇಶ'), ಅಡುಗೆ ಕೋಣೆಯ ಬಾಗಿಲಿಗೆ ಅಂಟಿಸಿದ್ದು.
೪. ಗಿಡ್ಡಮ್ಮನವರ ಆಕ್ಷೇಪಣೆಗಳು, ಪ್ರತಿದಿನ, ತಿಂಡಿಯ ವೇಳೆ.

ಪ್ರಸ್ತಾವನೆ

ಗಿಡ್ಡಮ್ಮನವರ (ಇನ್ನು ಮುಂದೆ 'ಅವ್ವ') ಎರಡೂ ಕಣ್ಣಿಗೆ ಪೊರೆ ಬಂದಿರುವುದು, ಸಕ್ಕರೆ ಕಾಯಿಲೆ ಇಳಿಯದ ಹೊರತು ಕಣ್ಣಿಗೆ ಕತ್ತರಿ ಹಾಕುವುದಿಲ್ಲವೆಂದು ಡಾಕ್ಟರು ತಿಳಿಸಿರುವುದು ನಾಲ್ಕೂ ಮನೆಗಳಿಗೆ ಗೊತ್ತಿರುವ ವಿಷಯ. ಅವ್ವ ಸದ್ಯಕ್ಕೆ ಮನುಷ್ಯರನ್ನು ಧ್ವನಿಯಿಂದ, ಬಸ್ಸನ್ನು ಹಾರ್ನಿನಿಂದ, ಐನೂರರ ನೋಟನ್ನು ಅಂದಾಜಿನಿಂದ ಗುರುತಿಸುತ್ತಿದ್ದಾರೆ. ಆದುದರಿಂದ ಅವ್ವನ ಊಟದ ಜವಾಬ್ದಾರಿಯನ್ನು ಕಿರಿಯ ಮಗಳಿಗೆ (ಇನ್ನು ಮುಂದೆ 'ಪ್ರಭಾರ ಅಧಿಕಾರಿ') ವಹಿಸಿ ಈ ವಿಭಾಗವನ್ನು ತೆರೆಯಲಾಯಿತು. ವಿಭಾಗದ ವ್ಯಾಪ್ತಿಗೆ ಬರುವವರೆಲ್ಲರೂ ವಯಸ್ಸಿನಲ್ಲಿ ಹಿರಿಯರಾಗಿದ್ದು, ಎದುರಿಗೆ ನಿಂತು ಹೇಳಿದರೆ ಚಪ್ಪಲಿ ಹಾಕಿಕೊಂಡು ಹೊರಟುಬಿಡುವ ಸಂಭವವಿರುವುದರಿಂದ ಎಲ್ಲವನ್ನೂ ಕಾಗದದ ಮೂಲಕ ತಿಳಿಸುವ ಪದ್ಧತಿ ಇಟ್ಟುಕೊಳ್ಳಲಾಗಿದೆ.

೧. ಖರೀದಿಸಿದ ಪಥ್ಯದ ಸಾಮಗ್ರಿಗಳು ಮತ್ತು ಅವುಗಳ ಗತಿ

ಅವ್ವನಿಗೆ ಆರೋಗ್ಯದ ಮೇಲೆ ದ್ವೇಷವಿಲ್ಲ. ಆರೋಗ್ಯದ ತಿಂಡಿಗಳ ಮೇಲೆ ಇದೆ. ಇದನ್ನು ಅರಿಯಲು ವಿಭಾಗಕ್ಕೆ ಕೆಳಕಂಡ ವೆಚ್ಚ ತಗುಲಿದೆ.

(ಅ) ಓಟ್ಸ್: ಮೊದಲ ದಿನವೇ ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು, "ಇದೇನವ್ವ, ಗೋಡೆಗೆ ಪೋಸ್ಟರ್ ಅಂಟ್ಸಾಕೆ ಕಾಯ್ಸಿದ್ದಾ, ತಿನ್ನಾಕೆ ಕಾಯ್ಸಿದ್ದಾ?" ಎಂದು ಲಿಖಿತ ಉತ್ತರ ಬಯಸದ ಪ್ರಶ್ನೆ ಕೇಳಿರುತ್ತಾರೆ. ಪರಿಶೀಲನೆಗಾಗಿ ಪ್ರಭಾರ ಅಧಿಕಾರಿಯು ಸ್ವತಃ ಒಂದು ಚಮಚ ಸೇವಿಸಿದ್ದು, ಪ್ರಶ್ನೆಯು ನ್ಯಾಯಯುತವೆಂದು ಕಂಡುಬಂದಿದೆ.

(ಆ) ಗ್ರೀನ್ ಟೀ: "ಟೀಪುಡಿ ಮುಗ್ದೈತೆ ಅಂತ ಬಾಯ್ಬಿಟ್ಟು ಹೇಳ್ಬಾರ್ದಾ? ಪಕ್ಕದ ಮನ್ಯಾಗೆ ಕಡ ತರ್ತಿದ್ದೆ." ಲೋಟದ ಉಳಿಕೆಯನ್ನು ತುಳಸಿಗೆ ಹಾಕಲಾಗಿದ್ದು, ತುಳಸಿ ಕ್ಷೇಮವಾಗಿದೆ.

(ಇ) ಹಸಿ ಸೌತೆಕಾಯಿ, ಹಸಿ ಕ್ಯಾರೆಟ್, ಹಸಿ ಎಲೆಕೋಸು: "ಗ್ಯಾಸ್ ಮುಗ್ದೈತಾ?"

(ಈ) ಕಂದು ಬಣ್ಣದ ಬ್ರೆಡ್: "ಆಸ್ಪತ್ರೆ ಬ್ರೆಡ್ಡೇ ಇದು. ಬಿಸಿಲಾಗೆ ತಿರ್ಗಿ ಬಂದೈತೆ, ಅಷ್ಟೇ."

(ಉ) ಸಕ್ಕರೆ ಇಲ್ಲದ ಬಿಸ್ಕತ್ತು: ಆಕ್ಷೇಪಣೆ ಬಂದಿರುವುದಿಲ್ಲ. ಸಂತೋಷಪಟ್ಟ ವಿಭಾಗವು ಇನ್ನೊಂದು ಪೊಟ್ಟಣ ತಂದಿತು. ಅವ್ವ ಅವನ್ನು ಸಕ್ಕರೆ ಹಾಕಿದ ಟೀಯಲ್ಲಿ ಅದ್ದಿ ತಿನ್ನುತ್ತಿದ್ದುದು ತಡವಾಗಿ ಗಮನಕ್ಕೆ ಬಂದಿದೆ.

೨. ಓಟ್ಸ್ ಪೊಟ್ಟಣದ ಅಂತರ-ತಾಲ್ಲೂಕು ಸಂಚಾರ

ರೋಗಿಯನ್ನು ನೋಡಲು ಹೋಗುವವರು ಬರಿಗೈಯಲ್ಲಿ ಹೋಗುವಂತಿಲ್ಲ. ಬಂದವರನ್ನು ಬರಿಗೈಯಲ್ಲಿ ಕಳಿಸುವಂತೆಯೂ ಇಲ್ಲ. ನಾಲ್ಕೂ ಮನೆಗಳಲ್ಲಿ ಈ ಪದ್ಧತಿ ಯಾವ ಆದೇಶವೂ ಇಲ್ಲದೆ ಜಾರಿಯಲ್ಲಿದೆ. ಇದರ ಪರಿಣಾಮ ಕೆಳಗಿನಂತಿದೆ.

ಚನ್ನಗಿರಿಯಲ್ಲಿ ಅವ್ವನಿಗೆಂದು ಎರಡನೇ ಸಲ ಖರೀದಿಸಿದ ದೊಡ್ಡ ಓಟ್ಸ್ ಪೊಟ್ಟಣವನ್ನು, ಹೊನ್ನಾಳಿಯಿಂದ ಬಂದಿದ್ದ ಅವ್ವನ ತಮ್ಮ ತಿಪ್ಪೇಶಪ್ಪನವರ (ಇನ್ನು ಮುಂದೆ 'ಮಾವ') ಚೀಲಕ್ಕೆ ಅವ್ವನೇ ಇಳಿಬಿಟ್ಟಿರುತ್ತಾರೆ. "ನಿನ್ ಬಿ.ಪಿ.ಗೆ ಒಳ್ಳೇದು ಕಣೋ, ಬ್ಯಾಡ ಅನ್ಬ್ಯಾಡ." ಮಾವ ಬೇಡ ಎನ್ನಲಿಲ್ಲ. ಮುಂದಿನ ವಾರ ನ್ಯಾಮತಿಯಲ್ಲಿ ಪ್ರಭಾರ ಅಧಿಕಾರಿಯ ಅಕ್ಕ ರುದ್ರಾಣಿಯ ಗಂಡ ಓಬಳೇಶ್ ಭಾವನವರಿಗೆ ಜ್ವರ ಬಂದಾಗ ಮಾವ ಅದನ್ನು ಅವರ ತಲೆದಿಂಬಿನ ಪಕ್ಕದಲ್ಲಿಟ್ಟು ಬಂದರು. ಭಾವನ ಜ್ವರ ಪೊಟ್ಟಣವನ್ನು ನೋಡಿಯೇ ಇಳಿಯಿತೆಂದು ಅಕ್ಕ ಹೇಳಿಕೆ ನೀಡಿರುತ್ತಾಳೆ. ನಂತರ ಜಗಳೂರಿನಲ್ಲಿ ಅವ್ವನ ಅಕ್ಕ ಚೌಡಕ್ಕನವರು (ಇನ್ನು ಮುಂದೆ 'ದೊಡ್ಡವ್ವ') ಬಚ್ಚಲಲ್ಲಿ ಜಾರಿ ಕಾಲು ಉಳುಕಿಸಿಕೊಂಡಾಗ ರುದ್ರಾಣಿಯಕ್ಕ ಅದನ್ನು ಅವರಿಗೆ ಒಯ್ದು ಕೊಟ್ಟಳು. ಕಾಲು ವಾಸಿಯಾದ ಕೂಡಲೇ ದೊಡ್ಡವ್ವ ಬಸ್ ಹತ್ತಿ ಚನ್ನಗಿರಿಗೆ ಬಂದು ಅವ್ವನ ಮಡಿಲಿಗೆ ಪೊಟ್ಟಣ ಹಾಕಿ, "ದಾವಣಗೆರೆ ದೊಡ್ಡ ಅಂಗಡಿಯಾಗೆ ತರ್ಸಿದ್ದು ಕಣೆ ಗಿಡ್ಡಿ, ನಿನ್ ಸಲುವಾಗಿ" ಎಂದರು.

ಪೊಟ್ಟಣದ ತಳದಲ್ಲಿ ಬಾಲ್ ಪೆನ್ನಿನಿಂದ 'ಅವ್ವಂಗೆ, ಬೆಳಿಗ್ಗೆ ಮಾತ್ರ' ಎಂದು ಪ್ರಭಾರ ಅಧಿಕಾರಿಯ ಕೈಬರಹವಿತ್ತು. ದೊಡ್ಡವ್ವನವರ ವಯಸ್ಸನ್ನು ಪರಿಗಣಿಸಿ ತನಿಖೆಯನ್ನು ಅಲ್ಲಿಗೇ ಕೈಬಿಡಲಾಗಿದೆ. ನಾಲ್ಕು ಊರು ಸುತ್ತಿದರೂ ಪೊಟ್ಟಣದ ಬಾಯಿ ಒಡೆದಿರಲಿಲ್ಲ ಎಂಬುದನ್ನು ಮಾತ್ರ ಗಮನಿಸಲಾಗಿದೆ.

೩. ಗಂಜಿ ಆದೇಶ ಮತ್ತು ಅದರ ಅನುಷ್ಠಾನ

ಪೊಟ್ಟಣ ಹೀಗೆ ಹೊರಗೆ ಹೋಗುತ್ತಿದ್ದರೆ, ಒಳಗೆ ಬರುತ್ತಿದ್ದುದು ಬೇರೆ. ಅವ್ವನ ಸಕ್ಕರೆ ಕಾಯಿಲೆಯ ಸುದ್ದಿ ಕೇಳಿ ಮರುಗಿದ ಮಾವ ಜಿಲೇಬಿ ತಂದರು. ದೊಡ್ಡವ್ವ ಶೇಂಗಾ ಉಂಡೆ ತಂದರು. ರುದ್ರಾಣಿಯಕ್ಕ ಬನ್ನು ಮತ್ತು ಬಾಳೆಹಣ್ಣು ತಂದು, ಬೆಲ್ಲ ಹಾಕಿದ ಕೇಸರಿಬಾತನ್ನು ಬೇರೆ ಡಬ್ಬಿಯಲ್ಲಿಟ್ಟು, "ಸಕ್ರೆ ಒಂದ್ ಹರಳೂ ಹಾಕಿಲ್ಲ ನೋಡು" ಎಂದಳು. ಅವ್ವ ಎಲ್ಲವನ್ನೂ "ಅವ್ರು ಬೇಜಾರ್ ಮಾಡ್ಕಂತಾರೆ" ಎಂಬ ಒಂದೇ ಕಾರಣಕ್ಕೆ, ಯಾರೂ ಬೇಜಾರು ಮಾಡಿಕೊಳ್ಳದ ಪ್ರಮಾಣದಲ್ಲಿ ಸೇವಿಸಿದರು. ಎರಡನೇ ಸಲವೂ ಕಣ್ಣಿನ ಡಾಕ್ಟರು ವಾಪಸ್ ಕಳಿಸಿದ್ದು ಇದೇ ಕಾರಣಕ್ಕೆ.

ಅಂದು ಸಂಜೆಯೇ ಗಂಜಿ ಆದೇಶ ಹೊರಬಿತ್ತು. ಅದರ ಮುಖ್ಯಾಂಶಗಳು:

(ಅ) ಸಿಹಿ ತಂದವರು ಕೂತ ಜಾಗದಲ್ಲೇ ಒಂದು ಬಟ್ಟಲು ಓಟ್ಸ್ ಗಂಜಿ ಸೇವಿಸತಕ್ಕದ್ದು.
(ಆ) ಬಡಿಸಿದ್ದನ್ನು ಬಿಟ್ಟು ಏಳುವುದು ಮನೆಯವರಿಗೆ ಮಾಡುವ ಅವಮಾನವೆಂದು ಈಗಾಗಲೇ ಒಪ್ಪಿತವಾಗಿರುವುದರಿಂದ ಬಟ್ಟಲು ಬರಿದಾಗುವ ತನಕ ಏಳುವಂತಿಲ್ಲ.
(ಇ) ಬಟ್ಟಲು ಬರಿದಾದರೆ ಮೆಚ್ಚುಗೆಯಾಗಿದೆ ಎಂದು ತಿಳಿದು ಇನ್ನೊಂದು ಸೌಟು ಬಡಿಸತಕ್ಕದ್ದು.
(ಈ) ಉಪ್ಪು ಕೇಳುವಂತಿಲ್ಲ. ಉಪ್ಪಿನಕಾಯಿಯನ್ನು ನೋಡುವಂತಿಲ್ಲ.

ಮಾವ ಮೊದಲನೆಯವರು. ಇನ್ನೊಂದು ಸೌಟು ಬಂದಾಗ ಅವರು, "ಅಕ್ಕಾ, ಈ ಹುಡ್ಗಿ ನನ್ ಮ್ಯಾಲೆ ಯಾವ್ ಜನ್ಮದ್ ಸಿಟ್ ತೀರ್ಸ್ಕಂತೈತೆ?" ಎಂದು ಕೇಳಿರುತ್ತಾರೆ. ಓಬಳೇಶ್ ಭಾವ ಬಾಗಿಲಿನಲ್ಲೇ ವಾಸನೆ ಹಿಡಿದು, ಬೈಕ್ ಆಫ್ ಮಾಡದೆ, ಕುಶಲ ವಿಚಾರಿಸಿ ಹೋದರು. ದೊಡ್ಡವ್ವ ಫೋನಿನಲ್ಲಿ, "ಬರಾಕೆ ಆಸೆ ಐತೆ ಕಣೆ, ಮಂಡಿ ಬಿಡವಲ್ದು" ಎಂದರು. ಆದೇಶಕ್ಕೆ ಮುಂಚೆ ಮಂಡಿಯ ಬಗ್ಗೆ ದೂರು ಇದ್ದ ದಾಖಲೆ ಇಲ್ಲ.

೪. ಸಕ್ಕರೆ ಇಳಿದ ಬಗ್ಗೆ

ಜನ ಬರುವುದು ನಿಂತಿತು. ಜಿಲೇಬಿ ನಿಂತಿತು. ಬಂದವರ ನೆಪದಲ್ಲಿ ಇಡುತ್ತಿದ್ದ ಟೀ ನಿಂತಿತು.

ಇದೇ ಅವಧಿಯಲ್ಲಿ ವಿಭಾಗವು ಅವ್ವನಿಗೆ ಬೇಡವಾದದ್ದನ್ನು ಬಡಿಸುವುದನ್ನೂ ನಿಲ್ಲಿಸಿತು. ರಕ್ತ ಪರೀಕ್ಷೆಗೆ ಹೋದಾಗ ನರ್ಸಮ್ಮ, "ಓಟ್ಸೇ ತಿನ್ಬೇಕು ಅಂತ ಯಾರ್ ಹೇಳಿದ್ರು ನಿಮ್ಗೆ? ಅನ್ನ ಕಮ್ಮಿ ಮಾಡಿ, ಸೊಪ್ಪು ಕಾಳು ಜಾಸ್ತಿ ಮಾಡಿ" ಎಂದರು. ಯಾರು ಹೇಳಿದ್ದರೆಂದು ಈಗಲೂ ಪತ್ತೆಯಾಗಿಲ್ಲ. ಅಂದಿನಿಂದ ಮೆಂತ್ಯ ಸೊಪ್ಪಿನ ಪಲ್ಯ, ಹುರುಳಿಕಾಳು ಸಾರು, ಒಂದು ಸಣ್ಣ ಮುದ್ದೆ, ಬೇಯಿಸಿದ ಹೆಸರುಕಾಳಿಗೆ ಈರುಳ್ಳಿ ಒಗ್ಗರಣೆ ಎಂಬಂತೆ ನಡೆಯುತ್ತಿದೆ. ಸೌತೆಕಾಯಿಯನ್ನು ಹಸಿಯಾಗಿಯೇ, ಆದರೆ ಹಸಿಮೆಣಸಿನಕಾಯಿ ಚಟ್ನಿಯ ಜೊತೆ ಕೊಟ್ಟಾಗ ಗ್ಯಾಸಿನ ಬಗ್ಗೆ ಪ್ರಶ್ನೆ ಬಂದಿಲ್ಲ. ಮುದ್ದೆಯ ಗಾತ್ರದ ಬಗ್ಗೆ ಮಾತ್ರ, "ಇದು ಮುದ್ದೇನಾ, ಗೋಲಿನಾ?" ಎಂಬ ಆಕ್ಷೇಪಣೆ ಬಂದಿದ್ದು, ತಿರಸ್ಕರಿಸಲಾಗಿದೆ.

ಮೂರನೇ ಸಲ ಡಾಕ್ಟರು ವರದಿ ನೋಡಿ ಆಪರೇಷನ್ನಿಗೆ ತಾರೀಖು ಬರೆದುಕೊಟ್ಟರು. ಬರುವ ಮಂಗಳವಾರ. ವಿಭಾಗವು ಸ್ಥಾಪನೆಯ ಉದ್ದೇಶವನ್ನು ಸಾಧಿಸಿದೆ ಎಂದು ಈ ಮೂಲಕ ದಾಖಲಿಸಬಹುದಿತ್ತು.

೫. ದಾಖಲಿಸದಿರಲು ಕಾರಣ

ಗುರುವಾರ ಮಧ್ಯಾಹ್ನ ಕರೆಂಟ್ ಮೀಟರ್ ನೋಡಲು ಮುತ್ತುರಾಜ್ ಎಂಬವರು ಬಂದಿದ್ದರು. ಬಾಗಿಲಲ್ಲಿ ಗಂಡಸಿನ ಆಕಾರ ಕಂಡ ಅವ್ವ ಕಟ್ಟೆಯಿಂದ ಇಳಿದು ಅವರ ಕೈ ಹಿಡಿದು ಒಳಗೆ ಕರೆತಂದು ಕೂರಿಸಿ, "ಬಂದ್ಯಾ ತಿಪ್ಪೇಶಿ! ಹೊನ್ನಾಳಿ ಬಸ್ ಸಿಕ್ತೇನೋ? ಯಾಕೋ ಇಷ್ಟ್ ಸೊರಗಿದೀಯಾ, ನಿನ್ ಹೆಂಡ್ತಿ ಉಣ್ಣಾಕೆ ಇಕ್ಕಲ್ವೇನೋ?" ಎಂದು ವಿಚಾರಿಸಿದರು. ಮುತ್ತುರಾಜ್ ಅವರು, "ಅಜ್ಜಿ, ಬಿಲ್ ಕೊಡಾಕ್ ಬಂದೀನ್ರಿ" ಎಂದರು.

ಅವ್ವ ಕೈ ಬಿಡಲಿಲ್ಲ. "ಇರ್ಲಿ ಬಿಡಪ್ಪ. ಬಂದಿದೀಯಲ್ಲ, ಕೂತ್ಕ" ಎಂದರು.

ಸದರಿ ಮುತ್ತುರಾಜ್ ಅವರು ಸಿಹಿ ತಂದಿರಲಿಲ್ಲವಾದರೂ, ಆದೇಶ ಜಾರಿಯಲ್ಲಿದ್ದ ಕಾರಣ ಅವರಿಗೆ ಗಂಜಿ ಬಡಿಸಲಾಯಿತು. ಅವರು ಪೂರ್ತಿ ತಿಂದು, ಇನ್ನೊಂದು ಸೌಟನ್ನೂ ತಿಂದು, ಅವ್ವ ಕೇಳಿದ ಎಲ್ಲದಕ್ಕೂ ಉತ್ತರ ಕೊಟ್ಟು ಹೋದರು. ವಿಭಾಗದ ಇತಿಹಾಸದಲ್ಲಿ ಆದೇಶವನ್ನು ಸಂಪೂರ್ಣವಾಗಿ ಪಾಲಿಸಿದವರು ಅವರೊಬ್ಬರೇ.

ಅವರು ಹೋದ ಮೇಲೆ ಅವ್ವ ಮುದ್ದೆಯನ್ನು ತಟ್ಟೆಯಲ್ಲಿ ಅತ್ತಿಂದಿತ್ತ ಉರುಳಿಸುತ್ತಾ ಕೂತಿದ್ದರು. ಯಾವ ಆಕ್ಷೇಪಣೆಯೂ ಬರಲಿಲ್ಲ. ಮುದ್ದೆ ಚಿಕ್ಕದಾಯಿತೇ ಎಂದು ವಿಭಾಗವೇ ಕೇಳಿತು. ದೊಡ್ಡದು ಮಾಡಿಕೊಡಲು ಸಿದ್ಧವೆಂದೂ ತಿಳಿಸಿತು. ಆಗ ಅವ್ವ ಹೇಳಿದ್ದನ್ನು ಯಥಾವತ್ತಾಗಿ ಕೆಳಗೆ ನೀಡಲಾಗಿದೆ:

"ಕಣ್ ಬಂದ್ ಮ್ಯಾಲೆ ಯಾರ್ನ ನೋಡ್ಲವ್ವ? ಮೀಟರ್‌ನಾ?"

ಈ ಹೇಳಿಕೆಯನ್ನು ಯಾವ ನಿಯಮದಡಿ ತಿರಸ್ಕರಿಸಬಹುದೆಂದು ರಾತ್ರಿಯವರೆಗೆ ಹುಡುಕಲಾಗಿದ್ದು, ಅಂತಹ ನಿಯಮ ದೊರೆತಿರುವುದಿಲ್ಲ.

೬. ಆದೇಶ

ಮೇಲ್ಕಂಡ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ ಈ ಕೆಳಗಿನಂತೆ ಆದೇಶಿಸಲಾಗಿದೆ.

(೧) ಗಂಜಿ ಆದೇಶವನ್ನು ತಕ್ಷಣದಿಂದ ರದ್ದುಪಡಿಸಲಾಗಿದೆ. ಅಡುಗೆ ಕೋಣೆಯ ಬಾಗಿಲಿಗೆ ಅಂಟಿಸಿದ್ದ ಪ್ರತಿಯನ್ನು ಕೀಳಲಾಗಿದೆ. ಅದನ್ನು ಅಂಟಿಸಲು ಬಳಸಿದ್ದು ಉಳಿದ ಗಂಜಿಯೇ ಆದ್ದರಿಂದ ಬಾಗಿಲಿನ ಬಣ್ಣವೂ ಸ್ವಲ್ಪ ಕಿತ್ತು ಬಂದಿದೆ.

(೨) ಮಾವನವರು ಸೇವಿಸಿದ ಗಂಜಿಗೆ ಪರಿಹಾರವಾಗಿ, ಅವರು ಬಂದ ದಿನ ಹುರುಳಿಕಾಳು ಸಾರಿನಲ್ಲಿ ತಳದ ಗಟ್ಟಿಯನ್ನು ಮೊದಲು ಅವರಿಗೇ ಬಡಿಸಲಾಗುವುದು. ಖಾರ ಜಾಸ್ತಿಯಾಗಿದೆ ಎಂದು ಹೇಳುವ ಅವರ ಹಕ್ಕನ್ನು ಕಾಯ್ದಿರಿಸಲಾಗಿದೆ.

(೩) ದೊಡ್ಡವ್ವನವರ ಮಂಡಿ ನೋವು ಈ ಸುತ್ತೋಲೆ ತಲುಪಿದ ಕ್ಷಣದಿಂದ ವಾಸಿಯಾಗಿದೆ ಎಂದು ಪರಿಗಣಿಸತಕ್ಕದ್ದು.

(೪) ಓಬಳೇಶ್ ಭಾವ ಬೈಕ್ ಆಫ್ ಮಾಡತಕ್ಕದ್ದು. ಕೀಲಿ ಕೈಯನ್ನು ಒಳಗೆ ಬಂದು ಮೊಳೆಗೆ ತೂಗುಹಾಕತಕ್ಕದ್ದು.

(೫) ಸಿಹಿ ತರುವಂತಿಲ್ಲ. ಬೆಲ್ಲವೂ ಸಿಹಿ. ರುದ್ರಾಣಿಯಕ್ಕ ಇದನ್ನು ಎರಡು ಸಲ ಓದತಕ್ಕದ್ದು.

(೬) ಏನೂ ತರದೆ ಬರುವುದು ಹೇಗೆಂದು ಹಿರಿಯರಿಗೆ ಸಂಕೋಚವಾಗುವುದು ಸಹಜ. ಆದುದರಿಂದ ಬರಿಗೈಯಲ್ಲಿ ಬರುವುದನ್ನು ಅವಮಾನವೆಂದು ತಿಳಿಯಲಾಗುವುದಿಲ್ಲ. ಅಷ್ಟಾಗಿಯೂ ಕೈ ಸುಮ್ಮನಿರದಿದ್ದರೆ ದಾರಿಯಲ್ಲಿ ಸಿಗುವ ಮೆಂತ್ಯ, ದಂಟು, ಸಬ್ಬಸಿಗೆ ಯಾವುದಾದರೂ ಒಂದು ಕಟ್ಟು ತರಬಹುದು. ನಾಲ್ಕೂ ಮನೆಯವರು ಮೆಂತ್ಯವನ್ನೇ ತಂದರೆ ನಾಲ್ಕೂ ಮನೆಯವರು ಕೂತು ಸೋಸತಕ್ಕದ್ದು.

(೭) ಮಂಗಳವಾರ ಆಪರೇಷನ್, ಬುಧವಾರ ಕಟ್ಟು ಬಿಚ್ಚುವುದೆಂದು ಡಾಕ್ಟರು ತಿಳಿಸಿದ್ದಾರೆ. ಮೊದಲು ಬಲಗಣ್ಣು ಮಾತ್ರ. ಬುಧವಾರ ಬೆಳಿಗ್ಗೆ ನಾಲ್ಕೂ ಮನೆಯವರು ಆಸ್ಪತ್ರೆಯಲ್ಲಿ ಕಡ್ಡಾಯವಾಗಿ ಹಾಜರಿರತಕ್ಕದ್ದು. ರಜೆ, ಕೂಲಿ, ಬಸ್ ತಪ್ಪಿದ್ದು ಇತ್ಯಾದಿ ವಿನಾಯಿತಿಗಳನ್ನು ಪರಿಗಣಿಸಲಾಗುವುದಿಲ್ಲ. ರೋಗಿಯನ್ನು ನೋಡಲು ಯಾರೂ ಬರಬೇಕಾಗಿಲ್ಲ. ಈ ಸಲ ರೋಗಿಯೇ ನಿಮ್ಮನ್ನು ನೋಡುವವರಿದ್ದಾರೆ. ಆದ್ದರಿಂದ ಎಲ್ಲರೂ ಅವ್ವನ ಬಲಗಡೆಗೆ, ಬೆಳಕಿನ ಕಡೆ ಮುಖ ಮಾಡಿ, ಮಾತಾಡದೆ ನಿಲ್ಲತಕ್ಕದ್ದು. ಧ್ವನಿಯಿಂದ ಗುರುತು ಹಿಡಿಯಲು ಅವಕಾಶ ಕೊಡಬಾರದು.

(೮) ಅತ್ತರೆ ಕಣ್ಣಿಗೆ ಒಳ್ಳೆಯದಲ್ಲ ಎಂದು ಡಾಕ್ಟರು ಅವ್ವನಿಗೆ ಎಚ್ಚರಿಕೆ ಕೊಟ್ಟಿದ್ದಾರೆ. ಉಳಿದವರಿಗೆ ಈ ನಿಯಮ ಅನ್ವಯಿಸುವುದಿಲ್ಲ.

(ಸಹಿ)
ಪ್ರಭಾರ ಅಧಿಕಾರಿ
ಪಥ್ಯ ವಿಭಾಗ, ಚನ್ನಗಿರಿ

ಪ್ರತಿಗಳು:
೧. ತಿಪ್ಪೇಶಪ್ಪ ಮಾವ, ಹೊನ್ನಾಳಿ: ಕ್ಷಮೆಯೊಂದಿಗೆ.
೨. ಓಬಳೇಶ್ ಭಾವ ಮತ್ತು ರುದ್ರಾಣಿಯಕ್ಕ, ನ್ಯಾಮತಿ: ಇಬ್ಬರಿಗೂ ಸೇರಿ ಒಂದೇ. ಜಗಳವಾಡದೆ ಓದತಕ್ಕದ್ದು.
೩. ಚೌಡಕ್ಕ ದೊಡ್ಡವ್ವ, ಜಗಳೂರು: ಫೋನಿನಲ್ಲಿ ಓದಿ ಹೇಳಲಾಗಿದೆ. ಬುಧವಾರ ಏಕೆ, ಸೋಮವಾರವೇ ಬರುವುದಾಗಿ ತಿಳಿಸಿರುತ್ತಾರೆ.
೪. ಮುತ್ತುರಾಜ್, ಮೀಟರ್ ಓದುವವರು: ಮಾಹಿತಿಗಾಗಿ. ಬರುವ ತಿಂಗಳು ಊಟದ ಹೊತ್ತಿಗೆ ಬರಲು ಕೋರಿದೆ. ಗಂಜಿ ಇರುವುದಿಲ್ಲ.
೫. ಗಿಡ್ಡಮ್ಮ, ಚನ್ನಗಿರಿ: ಸದ್ಯಕ್ಕೆ ಓದಿ ಹೇಳಿದೆ, '೬. ಆದೇಶ' ಎಂಬ ಭಾಗ ಬಿಟ್ಟು. ಅದನ್ನು ಬುಧವಾರದ ನಂತರ ಅವರೇ ಓದಿಕೊಳ್ಳತಕ್ಕದ್ದು.