ಪರೀಕ್ಷೆ ಪಾಸಾದ ಫ್ರಿಡ್ಜು

ಆ ದಿನ ಬೆಳಿಗ್ಗೆ ಜಲನಗರದ ವೇದವ್ಯಾಸನ ಮನೆಯಲ್ಲಿ ಹಾಲು ಒಡೆಯಿತು. ವಿಜಯಪುರದ ಬೇಸಿಗೆಯಲ್ಲಿ ಹಾಲು ಒಡೆಯುವುದು ಸುದ್ದಿಯೇ ಅಲ್ಲ. ಆದರೆ ಅದರ ಬೆನ್ನಿಗೇ ಅವನ ಹೆಂಡತಿ ಮೃಣಾಲಳ ತಾಳ್ಮೆಯ ಕಟ್ಟೆಯೂ ಒಡೆಯಿತು.

"ಹಳೇ ಫ್ರಿಡ್ಜ ಕೆಟ್ಟು ಎರಡ ಬ್ಯಾಸಿಗಿ ಆತು, ನಿಮ್ಮ ವಿಚಾರ ಇನ್ನೂ ಮುಗೀವಲ್ತು! ಸಂಜೀಕೆ ಅವ್ವ ಅಧಿಕ ಮಾಸದ ಬಾಗಿನ ತಗೊಂಡ ಬರ್ತಾಳ. ಅಕಿ ಬರೂದ್ರಾಗ ಈ ಮನ್ಯಾಗ ಫ್ರಿಡ್ಜ ಇರಬೇಕು. ಇಲ್ಲಾಂದ್ರ ನಾಳಿ ಮುಂಜಾನೆ ನಾನೂ ಅಕೀ ಕೂಡ ತವರಮನಿಗೆ ಕಾಖಂಡಕಿ ಬಸ್ ಹತ್ತತೀನಿ. ಮಳಿಗಾಲ ಬರೂತನಕಾ ನೀವು ಒಡದ ಹಾಲಿನ ಚಹಾ ಕುಡಕೋತ ವಿಚಾರ ಮಾಡ್ರಿ."

ವೇದವ್ಯಾಸ ಕಾಲೇಜೊಂದರ ಕಚೇರಿಯಲ್ಲಿ ಗುಮಾಸ್ತ. ಆದರೆ ಸಾಮಾನು ಕೊಳ್ಳುವ ವಿದ್ಯೆಯಲ್ಲಿ ತನ್ನನ್ನು ಮೀರಿಸುವವರು ಜಿಲ್ಲೆಯಲ್ಲಿಲ್ಲ ಎಂದು ಅವನು ನಂಬಿದ್ದ. ಮೆಂತ್ಯಪಲ್ಲೆ ಮಾರುವವಳಿಗೂ "ಗ್ಯಾರಂಟಿ ಎಷ್ಟ ದಿನಾ?" ಎಂದು ಕೇಳುವ ಪೈಕಿ. ಚಪ್ಪಲಿ ಕೊಳ್ಳಲು ಹೋದರೆ ಅಂಗಡಿಯೊಳಗೇ ನಾಲ್ಕು ಸುತ್ತು ಓಡಿ ನೋಡುತ್ತಿದ್ದ. ದುಬಾರಿ ವಸ್ತುವಾದರೆ ಮೊದಲು ಅದು ಬೇಕೋ ಬೇಡವೋ ನೋಡಬೇಕು, ಆಮೇಲೆ ಅದನ್ನು ಸಾಕುವ ಖರ್ಚು ನೋಡಬೇಕು, ಕಡೆಗೆ ಅಂಗಡಿಯ ಮೆಟ್ಟಿಲು ಇಳಿಯಬೇಕು. "ನಾವು ಮೆಟ್ಟಲಾ ಇಳದ್ರ ರೇಟೂ ಇಳೀತದ" ಎಂಬುದು ಅವನ ವೇದವಾಕ್ಯ.

"ಅಷ್ಟ ಹೌದಲ್ಲೊ? ಸಂಜೀಕೆ ನಿಮ್ಮವ್ವಗ ತಣ್ಣನ ಮಜ್ಜಿಗಿ ಕುಡಸ್ತೀನಿ, ನೋಡ್ತಿರು" ಎಂದು ಕಚೇರಿಗೆ ರಜೆ ಹಾಕಿ ಸ್ಕೂಟರ್ ತೆಗೆದ.

ತೆಗೆದ ಸದ್ದಿಗೇ ಪಕ್ಕದ ಮನೆಯ ಅಬ್ದುಲಸಮದ ಸಾಹೇಬರು ಹೊರಬಂದರು. ವಿದ್ಯುತ್ ಇಲಾಖೆಯಿಂದ ನಿವೃತ್ತರಾದ ಮೇಲೆ, ಓಣಿಯಲ್ಲಿ ಯಾವ ಸ್ಕೂಟರ್ ಎಲ್ಲಿಗೆ ಹೊರಟಿತು ಎಂದು ವಿಚಾರಿಸುವುದೇ ಅವರ ಉದ್ಯೋಗವಾಗಿತ್ತು.

"ಫ್ರಿಡ್ಜ ತರಾಕ ಹೊಂಟೀರಿ? ಒಬ್ಬರ ಹೋಗಬ್ಯಾಡ್ರಿ ವ್ಯಾಸರ. ನಮ್ಮ ಓಣ್ಯಾಗ ಕರೆಂಟು ಹೆಂಗ ಕುಣೀತೈತಿ ನನಗ ಗೊತ್ತು" ಎಂದವರೇ, ಕರೆಯುವ ಮೊದಲೇ ಹಿಂದೆ ಹತ್ತಿ ಕುಳಿತರು.

ಸ್ಟೇಷನ್ ರಸ್ತೆಯ ಶಿವಲಿಂಗನ ಅಂಗಡಿಯಲ್ಲಿ ಹಳೇ ದರದ ನೀಲಿ ಫ್ರಿಡ್ಜು ಒಂದೇ ಒಂದು ಉಳಿದಿತ್ತು. ವೇದವ್ಯಾಸ ಅದರ ಮುಂದೆ ಹೆಣ್ಣು ನೋಡಲು ಬಂದ ಬೀಗರ ಹಾಗೆ ನಿಂತ. ಬಾಗಿಲಲ್ಲಿ ಪೇಪರಿನ ಚೂರು ಸಿಕ್ಕಿಸಿ ಎಳೆದ. ನೆಲಕ್ಕೆ ಕುಳಿತು ಹಿಂಬದಿಗೆ ಕಿವಿ ಹಚ್ಚಿದ. ಮನೆಯಿಂದ ತಂದಿದ್ದ ನೀರಿನ ಬಾಟಲಿಯನ್ನು ಒಳಗಿಟ್ಟು, "ಎಷ್ಟೊತ್ತಿಗೆ ತಣ್ಣಗಾಗ್ತದ ನೋಡೂಣು" ಎಂದು ಕುರ್ಚಿ ಎಳೆದುಕೊಂಡ. ಹೊತ್ತು ಕಳೆಯಬೇಕಲ್ಲ, ವರ್ಷಕ್ಕೆ ಎಷ್ಟು ಯುನಿಟ್ ಕರೆಂಟು, ಕಡಿಮೆ ಬೆಲೆಯ ಫ್ರಿಡ್ಜು ಬಿಲ್ಲಿನಲ್ಲಿ ಹೇಗೆ ಸೇಡು ತೀರಿಸಿಕೊಳ್ಳುತ್ತದೆ ಎಂದು ದೊಡ್ಡ ದನಿಯಲ್ಲಿ ಉಪನ್ಯಾಸ ಶುರುಮಾಡಿದ. ಗಿರಾಕಿಗಳು ಸುತ್ತ ನೆರೆದರು. ಒಬ್ಬ ಅಜ್ಜನಂತೂ ಇವನೇ ಅಂಗಡಿಯವನೆಂದು ತಿಳಿದು, "ಸಾಹೇಬರ, ಮಿಕ್ಸರ್ ಯಾವ ಕಡೆ ಅದಾವ್ರಿ?" ಎಂದು ಕೇಳಿದ. ವೇದವ್ಯಾಸ ಮಿಕ್ಸರಿನ ಬಗ್ಗೆಯೂ ನಾಲ್ಕು ಮಾತು ಹೇಳಿದ. ಅಜ್ಜ ಕೊಂಡುಕೊಂಡು ಹೋದ. ಶಿವಲಿಂಗ ಸಂತೋಷದಿಂದ ಎಲ್ಲರಿಗೂ ಚಹಾ ತರಿಸಿದ.

ಅಷ್ಟರಲ್ಲಿ ಫೋನು ಬಂತು. ಅತ್ತೆ ಆನಂದೀಬಾಯಿ.

"ಅಳಿಯಂದಿರ, ಬಬಲೇಶ್ವರದಾಗ ಒಂದ ಅಂಗಡ್ಯಾಗ ನಿಂತೀನ್ರಿ. ಒಬ್ಬರಿಗೆ ಫ್ರಿಡ್ಜ ಕೊಡಬೇಕಂತ ಮನಸಾಗೇದ. ನಿಮ್ಮಷ್ಟ ತಿಳಿದವರು ನಮ್ಮ ಮಂದ್ಯಾಗ ಯಾರದಾರ? ಕೊಡ್ಲೋ ಬ್ಯಾಡೋ ಹೇಳ್ರಿ."

"ಯಾರಿಗ್ರೀ?"

"ಅದನ್ನೀಗ ಹೇಳೂದಿಲ್ಲ ಬಿಡ್ರಿ" ಎಂದು ಆಕೆ ನಕ್ಕಳು. ಹಿಂದಿನಿಂದ ಗಂಡಸಿನ ದನಿಯೊಂದು ಕೇಳಿತು: "ಅತ್ತಿಯವರ, ಈ ಕೆಂಪಂದು ಛಂದ ಅದ ನೋಡ್ರಿ!"

ವೇದವ್ಯಾಸನ ಕಿವಿ ಬಿಸಿಯಾಯಿತು. ಅದು ವಿಕ್ರಮನ ದನಿ! ಟಿಕೋಟಾದ ಸಣ್ಣ ಅಳಿಯ, ನಾದಿನಿ ಧನಶ್ರೀಯ ಗಂಡ. ಹೊಸ ಮನೆ ಕಟ್ಟಿಸಿ, ಅಡುಗೆಮನೆಯಲ್ಲಿ ಫ್ರಿಡ್ಜಿಗೆ ಜಾಗ ಬಿಟ್ಟಿದ್ದೇನೆ ಎಂದು ಹೋದಲ್ಲೆಲ್ಲ ಹೇಳಿಕೊಂಡು ಬಂದಿದ್ದ. ಅಧಿಕ ಮಾಸವೆಂದರೆ ಅಳಿಯಂದಿರಿಗೆ ಬಾಗಿನ ಕೊಡುವ ಮಾಸ, ನಿಜ. ಆದರೆ ಹಿರಿಯ ಅಳಿಯನಿಗೆ ಒಂದು ತಟ್ಟೆ ಅನಾರಸದ ಸಿಹಿ, ಕಿರಿಯನಿಗೆ ಫ್ರಿಡ್ಜೇ? ಹೊಟ್ಟೆಯುರಿಯಿತು. ಹೊಟ್ಟೆಯುರಿದಾಗ ವೇದವ್ಯಾಸನ ಬಾಯಿಗೆ ಇನ್ನಷ್ಟು ಬುದ್ಧಿ ಬರುತ್ತಿತ್ತು.

"ಅತ್ತಿಯವರ, ರೊಕ್ಕಾ ನೀರಾಗ ಹಾಕಬ್ಯಾಡ್ರಿ. ಇಷ್ಟ ದಿನಾ ಫ್ರಿಡ್ಜ ಇಲ್ಲದ ಬದುಕ್ಯಾರಲ್ಲ, ಇನ್ನ ಮ್ಯಾಲೂ ಬದುಕ್ತಾರ. ಖರೇ ಬೇಕಿದ್ದ ಮನಷ್ಯಾ ತಾನ ದುಡದು ತಗೋತಾನ. ಪುಕ್ಕಟೆ ಸಿಕ್ಕಿದ್ದಕ್ಕ ಕಿಮ್ಮತ್ತಿರೂದಿಲ್ಲ."

"ಹಂಗಂತೀರಿ? ಮತ್ತ ಏನ ಕೊಡ್ಲಿ?"

"ಒಂದ ಮಣ್ಣಿನ ಹರವಿ ಕೊಡ್ರಿ. ನೀರು ಅಮೃತದಂಗ ಇರ್ತದ, ಕರೆಂಟ ಬಿಲ್ಲಿಲ್ಲ, ರಿಪೇರಿ ಇಲ್ಲ. ಅಂಥಾವ್ರಿಗೆ ಹರವೀನ ಹೆಚ್ಚು!"

"ನೀವು ಹೇಳಿದ ಮ್ಯಾಲ ಮುಗೀತ್ರಿ" ಎಂದು ಆಕೆ ಫೋನಿಟ್ಟಳು. ವಿಕ್ರಮನ ಬಗಲಲ್ಲಿ ಹರವಿ ಕೂತಿರುವ ಚಿತ್ರ ಕಣ್ಣಿಗೆ ಕಟ್ಟಿ, ವೇದವ್ಯಾಸನಿಗೆ ಅಂಗಡಿಯ ಚಹಾ ಇನ್ನೂ ರುಚಿಯೆನಿಸಿತು.

ಬಾಟಲಿ ತಣ್ಣಗಾಗಿತ್ತು. ಫ್ರಿಡ್ಜು ಎಲ್ಲ ಪರೀಕ್ಷೆ ಪಾಸಾಗಿತ್ತು. ಉಳಿದದ್ದು ರೇಟು. ಜಗ್ಗಾಡಿ ಜಗ್ಗಾಡಿ ಶಿವಲಿಂಗ ಎರಡು ಸಾವಿರ ಇಳಿದ.

"ಇದರ ಕೆಳಗ ಒಂದ ರೂಪಾಯಿನೂ ಆಗೂದಿಲ್ರಿ. ನನಗೂ ಹೆಂಡ್ರು ಮಕ್ಕಳದಾರ."

"ಹಂಗಾದ್ರ ಬ್ಯಾಡ ಬಿಡು" ಎಂದು ವೇದವ್ಯಾಸ ಎದ್ದ. ಸಮದ ಸಾಹೇಬರಿಗೆ ಕಣ್ಣು ಹೊಡೆದು ಮೆಟ್ಟಿಲು ಇಳಿದ. ಮದುವೆಯಲ್ಲಿ ಮುನಿಸಿಕೊಂಡ ಬೀಗರ ನಡಿಗೆ ಅದು, ಹೋಗುವವರ ಹಾಗೂ ಇರಬೇಕು, ಕರೆದರೆ ಕೇಳಿಸುವಷ್ಟು ದೂರದಲ್ಲೂ ಇರಬೇಕು. ಶಿವಲಿಂಗ ಕರೆಯಲಿಲ್ಲ. ಎದುರಿಗೆ ಕಬ್ಬಿನ ಹಾಲಿನ ಅಂಗಡಿಯಿತ್ತು. ಒಂದು ಗ್ಲಾಸು ಕುಡಿದ. ಕರೆಯಲಿಲ್ಲ. ಇನ್ನೊಂದು ಗ್ಲಾಸು ಕುಡಿದ. ಮೂರನೆಯದು ಹೊಟ್ಟೆಗೆ ಇಳಿಯಲಾರದೆ ಅವನೇ ತಿರುಗಿ ಬಂದಾಗ, ನೀಲಿ ಫ್ರಿಡ್ಜು ಟಂಟಂ ಗಾಡಿಯಲ್ಲಿ ನಿಂತಿತ್ತು. ಪಕ್ಕದಲ್ಲಿ ಸಮದ ಸಾಹೇಬರು ಅದಕ್ಕೆ ಹಗ್ಗ ಬಿಗಿಯುತ್ತಿದ್ದರು.

"ಇದೇನ್ರೀ ಸಾಹೇಬರ!"

"ನೀವು ಬ್ಯಾಡಂದ್ರೆಲ್ರಿ? ನನ್ನ ಹೆಂಡ್ತಿ ಮಾಶಾಬಿನೂ ಭಾಳ ದಿನದಿಂದ ಗಂಟ ಬಿದ್ದಿದ್ಲು. ನೀವು ಪರೀಕ್ಷಾ ಮಾಡಿದ ಮಾಲು, ನೀವ ಇಳಿಸಿದ ರೇಟು. ನಾ ಮತ್ತ ಬ್ಯಾರೆ ಏನ ನೋಡ್ಲಿ?"

"ನಾ ಕಣ್ಣ ಹೊಡದಿದ್ನೆಲ್ರಿ!"

"'ನೀವು ತಗೋರಿ' ಅಂದಂಗಾತ್ರಿ ನನಗ."

ಬಿಸಿಲಲ್ಲಿ ಒಬ್ಬನೇ ಮನೆಗೆ ಬರುವಾಗಲೂ ವೇದವ್ಯಾಸ ಧೈರ್ಯಗೆಡಲಿಲ್ಲ. ಅಳೆದು ಸುರಿದು ನೋಡಿದರೆ, ಕೊಳ್ಳದೆ ಇದ್ದದ್ದೇ ಎಲ್ಲಕ್ಕಿಂತ ದೊಡ್ಡ ಉಳಿತಾಯ ತಾನೆ? ಮೃಣಾಲಳಿಗೆ ಅದನ್ನೇ ಹೇಳಿದ. ಅವಳು ಅಟ್ಟದ ಮೇಲಿನ ಸೂಟ್‌ಕೇಸ್ ಇಳಿಸಿ ಧೂಳು ಒರೆಸತೊಡಗಿದಳು. ಗೋಡೆಯಾಚೆ ಮಾಶಾಬಿ ಓಣಿಯ ಹೆಂಗಸರಿಗೆಲ್ಲ ಬರ್ಫ ಹಾಕಿದ ಶರಬತ್ತು ಹಂಚುತ್ತಿದ್ದಳು.

ಸಂಜೆ ಮನೆ ಮುಂದೆ ಆಟೋ ನಿಂತಿತು. ಆನಂದೀಬಾಯಿ ಇಳಿದಳು. ಒಂದು ಕೈಯಲ್ಲಿ ಅನಾರಸದ ಡಬ್ಬಿ. ಇನ್ನೊಂದು ಕೈಯಲ್ಲಿ, ಸೊಂಟಕ್ಕೆ ಆನಿಸಿಕೊಂಡ ಹೊಸ ಮಣ್ಣಿನ ಹರವಿ.

ವೇದವ್ಯಾಸ ಆಟೋದೊಳಗೆ ಇಣುಕಿ ನೋಡಿದ.

"ತಗೋರಿ ಅಳಿಯಂದಿರ, ನಿಮ್ಮ ಬಾಗಿನ" ಎಂದು ಆಕೆ ಹರವಿಯನ್ನು ಅವನ ಕೈಗೇ ಕೊಟ್ಟಳು. "ಮಗಳ ಮನ್ಯಾಗ ಫ್ರಿಡ್ಜ ಕೆಟ್ಟು ಎರಡ ವರ್ಷಾತು, ಈ ಸಲಾ ಅದನ್ನ ಕೊಡಬೇಕಂತ ವಿಕ್ರಮನ್ನ ಕರಕೊಂಡ ಅಂಗಡಿಗೆ ಹೋಗಿದ್ದೆ. ನಿಮಗ ಫೋನ ಮಾಡೂ ಮೊದಲ ಪೂರಾ ರೊಕ್ಕಾನೂ ಕೊಟ್ಟಿದ್ದೆ, ಬಣ್ಣಾ ಆರಸೂದಷ್ಟ ಉಳದಿತ್ತು. ಬ್ಯಾಡ ಅಂದ್ರಿ. ಖರೇ ಮಾತಾಡಿದ್ರಿ. ಎಷ್ಟ ಮಂದಿ ಅಳಿಯಂದಿರಿಗೆ ಇಷ್ಟ ಸ್ವಾಭಿಮಾನ ಇರ್ತದ?"

"ಆ... ಆ ಫ್ರಿಡ್ಜ ಏನಾತ್ರಿ?"

"ಅಂಗಡ್ಯಾವ ರೊಕ್ಕಾ ವಾಪಸ ಕೊಡೂದಿಲ್ಲಂದ. ವಿಕ್ರಮ, ಪಾಪ, 'ಇರ್ಲಿ ಬಿಡ್ರಿ, ನಮ್ಮ ಮನ್ಯಾಗ ಜಾಗಾ ಅದ' ಅಂತ ಟಿಕೋಟಾಕ್ಕ ಒಯ್ದಾನ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ಇವನದು ಬಾಯಿಂದಲೇ ಹೋಗಿತ್ತು. ಮೃಣಾಲ ಗಂಡನ ಮುಖ ನೋಡಿದಳು, ಹರವಿ ನೋಡಿದಳು. ಆಮೇಲೆ ಸೂಟ್‌ಕೇಸಿಗೆ ಇನ್ನೆರಡು ಸೀರೆ ಹಾಕಿದಳು.

"ಅವ್ವಾ, ನಾಳಿ ಕಾಖಂಡಕಿ ಬಸ್ ಬ್ಯಾಡ. ಟಿಕೋಟಾಕ್ಕ ಹೋಗೂಣು. ನಮ್ಮ ಫ್ರಿಡ್ಜ ಹೆಂಗದ ನೋಡಿ, ನಾಕ ದಿನಾ ಇದ್ದು ಬರೂಣು."

ವೇದವ್ಯಾಸ ಹರವಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಅಡುಗೆಮನೆಯ ಕಡೆ ನಡೆದ. ಹಿಂದಿನಿಂದ ಮೃಣಾಲ ಕೂಗಿದಳು:

"ಸಾವಕಾಶ ಇಡ್ರಿ. ಅದಕ್ಕ ಗ್ಯಾರಂಟಿ ಇಲ್ಲ!"