ಕರೆಂಟಣ್ಣನ ಕ್ರಿಸ್‌ಮಸ್ ಮರ

ಕ್ರಿಸ್‌ಮಸ್ಸಿನ ಹಿಂದಿನ ದಿನ ಬೆಳಿಗ್ಗೆ ಕರೆಂಟಣ್ಣ ಆಳೆತ್ತರದ ಮರವೊಂದನ್ನು ಹೆಗಲ ಮೇಲೆ ಹೊತ್ತು ಚರ್ಚಿನ ಗೇಟು ದಾಟುವುದಕ್ಕೂ ಮೇಷ್ಟ್ರು ಎದುರಾಗುವುದಕ್ಕೂ ಸರಿಹೋಯಿತು. ಅವರು ಎದುರಾದದ್ದಕ್ಕೆ ಚಿಂತೆಯಿರಲಿಲ್ಲ. ಅವರ ಕಂಕುಳಲ್ಲಿ ದಪ್ಪ ಪುಸ್ತಕವಿತ್ತು, ಅದೇ ಎಡವಟ್ಟಾಯಿತು.

ಮೇಷ್ಟ್ರು ಶಾಲೆಯಲ್ಲಿ ಇತಿಹಾಸ ಹೇಳಿ ನಿವೃತ್ತರಾದವರು, ಚರ್ಚಿನ ಸಭೆಯ ಹಿರಿಯರು. ಕರೆಂಟಣ್ಣ ಎಲೆಕ್ಟ್ರಿಷಿಯನ್. ಹಬ್ಬಕ್ಕೆ ಚರ್ಚಿನ ದೀಪಾಲಂಕಾರ ಪ್ರತಿವರ್ಷ ಅವನದೇ. ಕಂಬ ಹತ್ತಿ ತಂತಿ ಹಿಡಿಯಲು ಹೆದರದವನು ಮೇಷ್ಟ್ರ ಮುಂದೆ ಮಾತ್ರ ಫ್ಯೂಸ್ ಹೋದ ಬಲ್ಬು.

"ಏನಯ್ಯಾ ಇದು?"

"ಮರ, ಸಾರ್. ಸಂಜೆ ಮಕ್ಕಳ ಕಾರ್ಯಕ್ರಮಕ್ಕೆ."

"ಮರ ಅಂತ ನನಗೂ ಕಾಣುತ್ತೆ. ಇದರ ಮೂಲ ಗೊತ್ತಾ? ಯೇಸುಸ್ವಾಮಿ ಹೆಸರೇ ಕೇಳದ ಜನ ಚಳಿಗಾಲದಲ್ಲಿ ಹಸಿರು ಕೊಂಬೆ ತಂದು ಪೂಜೆ ಮಾಡ್ತಿದ್ರಂತೆ. ಇದರಲ್ಲೇ ಬರೆದಿದೆ!"

ಕರೆಂಟಣ್ಣ ಮರವನ್ನು ಹೆಗಲಿಂದ ಕೆಳಗಿಳಿಸಿದ. "ಹಂಗಾದ್ರೆ ಹತ್ತು ವರ್ಷದಿಂದ ಮರ ತರ್ತಿರೋ ನಾನು...?"

"ನೀನೇ ಪೂಜಾರಿ!" ಎಂದು ತೀರ್ಪು ಕೊಟ್ಟು ಮೇಷ್ಟ್ರು ಹೊರಟೇಹೋದರು.

ಮರ ಮನೆಗೆ ವಾಪಸ್ಸು ಬಂತು. ಹೆಂಡತಿ ಹೊಲಿಗೆ ಯಂತ್ರದಲ್ಲಿ ದೇವದೂತರ ರೆಕ್ಕೆ ಹೊಲಿಯುತ್ತಿದ್ದಳು. "ತಿಂಗಳಿಂದ ಮಕ್ಕಳು ಬಣ್ಣದ ಕಾಗದ ಕತ್ತರಿಸಿ ಇಟ್ಕೊಂಡಿದ್ದಾವೆ. ಅಯ್ಯನವರನ್ನ ಒಂದು ಮಾತು ಕೇಳಿ ಬನ್ರೀ!"

ಪಾದ್ರಿ ಅಯ್ಯನವರು ಯಾರೋ ರೋಗಿಯನ್ನು ನೋಡಲು ಆಸ್ಪತ್ರೆಗೆ ಹೋಗಿದ್ದರು, ಬರುವುದು ನಾಲ್ಕಕ್ಕೆ. ಅಲ್ಲಿಯವರೆಗೆ ಪಾಪವನ್ನು ಹೆಗಲ ಮೇಲೆ ಹೊತ್ತು ತಿರುಗುವುದು ಹೇಗೆ? ಪಕ್ಕದ ಬೇಕರಿಯವನು ದಾರಿ ತೋರಿಸಿದ: "ಕಡಿದು ನನ್ನ ಒಲೆಗೆ ಹಾಕು. ನಿನ್ನ ಪಾಪಾನೂ ಸುಡುತ್ತೆ, ನನ್ನ ಬ್ರೆಡ್ಡೂ ಬೇಯುತ್ತೆ."

ಪಾಪ ಹಸಿಯಾಗಿತ್ತು, ಉರಿಯಲಿಲ್ಲ. ಹೊಗೆ ಮಾತ್ರ ಬೀದಿಯುದ್ದಕ್ಕೂ ಹಬ್ಬಿತು. ಯಾರೋ "ಬೆಂಕಿ, ಬೆಂಕಿ!" ಎಂದು ಕಿರುಚಿದರು, ಇನ್ಯಾರೋ ಒಂದು ಬಿಂದಿಗೆ ನೀರನ್ನು ಕರೆಂಟಣ್ಣನ ತಲೆಗೇ ಸುರಿದರು. ಹೊಗೆ ಹಿಡಿದು ಕಪ್ಪಾದ ಬ್ರೆಡ್ಡನ್ನು ಎತ್ತಿ ಹಿಡಿದು ಬೇಕರಿಯವನು ಅವನನ್ನು ಚರ್ಚಿನವರೆಗೂ ಅಟ್ಟಿಸಿಕೊಂಡು ಬಂದ.

ಆಗಷ್ಟೇ ಆಸ್ಪತ್ರೆಯಿಂದ ಬಂದಿದ್ದ ಅಯ್ಯನವರು ಎಲ್ಲ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಭಾನುವಾರ ಅಂದ್ರೆ ಸೂರ್ಯನ ವಾರ ಕಣಪ್ಪಾ. ಹಾಗಂತ ನಾವು ಇಲ್ಲಿಗೆ ಬಂದು ಸೂರ್ಯನ್ನ ಆರಾಧಿಸ್ತೀವಾ? ಮರಕ್ಕೆ ಯಾರಾದ್ರೂ ಕೈ ಮುಗಿದಿದ್ದನ್ನ ನೋಡಿದ್ಯಾ? ಒಂದು ಕಾಲಕ್ಕೆ ಅದು ಯಾರದ್ದೋ ಆಗಿರಬಹುದು, ಈಗ ನಾವು ಯಾರು ಹುಟ್ಟಿದ್ರು ಅಂತ ಸಂತೋಷ ಪಡ್ತೀವಿ ಅನ್ನೋದು ಮುಖ್ಯ. ಮನಸ್ಸು ಒಪ್ಪದಿದ್ದೋರಿಗೆ ಬಲವಂತವೂ ಇಲ್ಲ. ನಿನ್ನ ಮನಸ್ಸು ಏನನ್ನುತ್ತೆ?"

"ಮಕ್ಕಳು ಕುಣಿಯೋದನ್ನ ನೋಡ್ಬೇಕು ಅನ್ನುತ್ತೆ, ಅಯ್ಯನವರೇ."

"ಮತ್ತೇನು? ತಗೊಂಡು ಬಾ ಮರಾನ."

"ಒಲೆಯಲ್ಲಿದೆ..."

ಅಷ್ಟರಲ್ಲಿ ಮೇಷ್ಟ್ರು ಏದುಸಿರು ಬಿಡುತ್ತ ಓಡಿಬಂದರು. "ಎರಡನೇ ಅಧ್ಯಾಯ ಓದಿದೆ ಕಣಯ್ಯಾ! ನಮ್ಮ ಹಿರಿಯರು ಅದಕ್ಕೆ ಹೊಸ ಅರ್ಥ ಕೊಟ್ರಂತೆ. ಏನೂ ದೋಷ ಇಲ್ಲ! ಬೇಗ ಮರ ನಿಲ್ಲಿಸು!"

ಅಂಗಡಿಗಳಲ್ಲಿ ಒಂದು ಮರವೂ ಉಳಿದಿರಲಿಲ್ಲ. ಕಾಗದದ ನಕ್ಷತ್ರ ಹಿಡಿದು ಬಂದ ಮಕ್ಕಳು "ಮರ ಎಲ್ಲಿ?" ಎಂದು ಕೇಳತೊಡಗಿದರು. ದೇವದೂತರ ರೆಕ್ಕೆ ತಂದಿದ್ದ ಹೆಂಡತಿ ಬಟ್ಟೆ ಅಳೆಯುವವಳ ಹಾಗೆ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

ಅರ್ಧ ಗಂಟೆಯಲ್ಲಿ ಕರೆಂಟಣ್ಣ ಹಸಿರು ಪರದೆ ಸುತ್ತಿಕೊಂಡು, ಕೈ ಅಗಲಿಸಿ, ತಲೆಯ ಮೇಲೆ ನಕ್ಷತ್ರ ಹೊತ್ತು ವೇದಿಕೆಯಲ್ಲಿ ನಿಂತಿದ್ದ. ಮೈತುಂಬ ಸೀರಿಯಲ್ ದೀಪ ಮಿನುಗುತ್ತಿತ್ತು. ಮಕ್ಕಳು ಕೇಕೆ ಹಾಕಿ ಸುತ್ತಲೂ ಕುಣಿದರು. ಪುಟ್ಟ ಹುಡುಗಿಯೊಬ್ಬಳು ಅವನ ಕಿವಿಗೆ ಕಾಗದದ ಗಂಟೆ ನೇತುಹಾಕಿ, "ಮರ, ನಗಬೇಡ!" ಎಂದು ಗದರಿದಳು. ಚರ್ಚು ಅಂಥ ನಗುವನ್ನು ಕಂಡೇ ಇರಲಿಲ್ಲ. ಇವತ್ತೊಂದು ದಿನ ತಾನೇ ಎಂದು ಕರೆಂಟಣ್ಣನೂ ಒಳಗೊಳಗೇ ಹಿಗ್ಗಿದ.

ಚಪ್ಪಾಳೆ ನಿಲ್ಲುತ್ತಲೇ ಮೇಷ್ಟ್ರು ಮೈಕು ಹಿಡಿದರು. "ಇನ್ಮೇಲೆ ಪ್ರತಿವರ್ಷ ಇದೇ ಮರ! ಇದರ ಮೂಲದ ಬಗ್ಗೆ ಯಾವ ಪುಸ್ತಕದಲ್ಲೂ ತಕರಾರಿಲ್ಲ. ಒಪ್ಪಿಗೇನಾ?"

ಎಲ್ಲರ ಕೈಗಳೂ ಮೇಲೆದ್ದವು. ಅಯ್ಯನವರು ಗಂಭೀರವಾಗಿ ಕೇಳಿದರು: "ಮುಂದೊಂದು ದಿನ ಜನ ಇದನ್ನೇ ಪೂಜೆ ಮಾಡಿಬಿಟ್ರೆ?"

ಹೆಂಡತಿ ಎದ್ದು ನಿಂತಳು. "ಆ ಭಯ ಬೇಡ, ಅಯ್ಯನವರೇ. ಹದಿನೈದು ವರ್ಷದಿಂದ ಸಂಸಾರ ಮಾಡ್ತಿದ್ದೀನಿ. ಒಂದು ದಿನಾನೂ ಪೂಜೆ ಮಾಡ್ಬೇಕು ಅನ್ನಿಸಿಲ್ಲ."