ನಮ್ಮಪ್ಪನ ಬೋಳುತಲೆಗೆ ವಾರಸುದಾರ

ಬೋಳುತಲೆಯವರು ಕೂದಲು ನೆಡಿಸಿಕೊಳ್ಳುವುದು ಈಗೇನೂ ದೊಡ್ಡ ಸುದ್ದಿಯಲ್ಲ. ಆದರೆ ಮೈಸೂರಿಗೆ ಅಲೆದು, ತಲೆಗೆಲ್ಲ ಸೂಜಿ ಚುಚ್ಚಿಸಿಕೊಂಡು, ಒಂದೊಂದೇ ಎಳೆ ಕೂದಲು ನೆಡಿಸಿಕೊಂಡು, ಕೊನೆಗೆ ಅದು ಸೊಂಪಾಗಿ ಬೆಳೆದ ಮೇಲೆ ಮದ್ದೂರಿನ ಕಟಿಂಗ್ ಶಾಪಿನಲ್ಲಿ ಕೂತು, "ಮಧ್ಯದ್ದಷ್ಟನ್ನೂ ಬೋಳಿಸ್ಬುಡಪ್ಪ" ಎಂದು ತಲೆ ಬಗ್ಗಿಸುವ ಮಹಾನುಭಾವನನ್ನು ನೀವೆಲ್ಲಾದರೂ ಕಂಡಿದ್ದೀರಾ? ಇಲ್ಲ ತಾನೆ? ನಾನು ಕಂಡಿದ್ದೇನೆ. ಅವನು ನನ್ನ ಚಿಕ್ಕಪ್ಪನ ಮಗ. ಅವನಿಗೆ ಹುಚ್ಚು ಎಂದು ಮಾತ್ರ ಅನ್ನಬೇಡಿ. ಹಾಗನ್ನುವ ಹಕ್ಕು ಅಣ್ಣನಾದ ನನಗೊಬ್ಬನಿಗೇ ಇರುವುದು!

ಮೊದಲು ನನ್ನ ತಲೆಯ ವಿಷಯ ಹೇಳಿಬಿಡುತ್ತೇನೆ, ಕೇಳಿ. ಎಪ್ಪತ್ತು ದಾಟಿದ್ದೇನೆ. ಕೂದಲು ಬೆಳ್ಳಗಾಗಿದೆ, ಒಪ್ಪಿಕೊಳ್ಳುತ್ತೇನೆ. ಆದರೆ ಒಂದೆಳೆ ಕದಲಿಲ್ಲ. ಬಾಚಣಿಗೆ ಹಾಕಿದರೆ ಬಾಚಣಿಗೆಯ ಹಲ್ಲೇ ಮುರಿಯುತ್ತದೆ. ನಮ್ಮಪ್ಪನದು ಮಾತ್ರ ಊರಿಗೇ ಹೆಸರಾದ ಬೋಳುತಲೆ. ಕಿವಿಗಳ ಮೇಲೆ ಒಂದು ಸುತ್ತು ಕೂದಲು, ಮಧ್ಯದಲ್ಲಿ ಬೆಳಗಿದ ತಾಮ್ರದ ಹಂಡೆ. ನ್ಯಾಯವಾಗಿ ಅದು ನನಗೆ ಬರಬೇಕಾದ ಪಿತ್ರಾರ್ಜಿತ. ಅಪ್ಪ, ಚಿಕ್ಕಪ್ಪ ಗದ್ದೆ ಭಾಗ ಮಾಡಿಕೊಂಡಾಗ ಅದು ಹೇಗೋ ಬದು ದಾಟಿ ಚಿಕ್ಕಪ್ಪನ ಮಗನ ಪಾಲಿಗೆ ಹೋಯಿತು. ನಾನು ತಕರಾರು ತೆಗೆಯಲಿಲ್ಲ.

"ನಿಮ್ಮಪ್ಪಂದು ನೀನ್ ಮಡೀಕಬೇಕಾಗಿತ್ತು ಕಣಣ್ಣೋ," ಎಂದು ಅವನು ಆಗಾಗ ಗೊಣಗುತ್ತಾನೆ.

"ಇರ್ಲಿ ಬುಡ್ಲಾ, ದಾನ ಕೊಟ್ಟಿವ್ನಿ," ಎನ್ನುತ್ತೇನೆ ನಾನು.

ಅಪ್ಪನಿಂದ ನನಗೆ ಬಂದದ್ದು ಅವನ ಕೆಮ್ಮು ಮತ್ತು ದನಿ. ಕಾಯಿಲೆಯ ಕೆಮ್ಮಲ್ಲ, ಗತ್ತಿನ ಕೆಮ್ಮು! ಹೊರಗಿನಿಂದ ಬಂದ ಅಪ್ಪ ಹೊಸ್ತಿಲ ಬಳಿ ನಿಂತು ಒಮ್ಮೆ ಕೆಮ್ಮಿದನೆಂದರೆ, ಮನೆಯ ಹೆಂಗಸರಿಗೆಲ್ಲ ಯಜಮಾನರು ಬಂದರೆಂದು ಗೊತ್ತಾಗುತ್ತಿತ್ತು. ನಮ್ಮ ಚಿಕ್ಕವ್ವನಿಗೆ ಅವನು ಭಾವ, ಗಂಡನ ಅಣ್ಣ. ಆ ಕಾಲದಲ್ಲಿ ಭಾವನೆದುರು ಕೂರುವುದುಂಟೇ? ಸೆರಗು ತಲೆಗೆಳೆದುಕೊಂಡು ಬಾಗಿಲ ಹಿಂದಕ್ಕೆ ಸರಿಯಬೇಕು. ಮಾತೇನಿದ್ದರೂ ಅಲ್ಲಿಂದಲೇ. ಅವರು ಉಣ್ಣುವ ತನಕ ತಾನು ಉಣ್ಣುವಂತಿಲ್ಲ. ಇದನ್ನು ಕಂಡುಕೊಂಡ ನಾನು ಎಂಟನೆಯ ವಯಸ್ಸಿಗೇ ಅಪ್ಪನ ಕೆಮ್ಮನ್ನು ಕಲಿತುಬಿಟ್ಟಿದ್ದೆ. ಹೊರಗೆ ನಿಂತು ಕೆಮ್ಮುವುದು, ಚಿಕ್ಕವ್ವ ಬಾಗಿಲ ಹಿಂದೆ ಸೇರುವುದು, ನಾನು ಕಜ್ಜಾಯದ ಡಬ್ಬಕ್ಕೆ ಕೈ ಹಾಕುವುದು! ಎಷ್ಟು ವರ್ಷ ನಡೆಯಿತು ಅಂದುಕೊಂಡಿರಿ? ನನಗೆ ಮೀಸೆ ಮೂಡುವವರೆಗೂ!

ಅಪ್ಪ ಹೋಗಿ ಎಷ್ಟೋ ಕಾಲವಾಯಿತು. ಚಿಕ್ಕವ್ವ ಇದ್ದಾಳೆ, ಎಂಬತ್ತು ದಾಟಿ. ಅವಳ ನೆನಪು ಮಾತ್ರ ಈಚೆಗೆ ಹಿಂದಕ್ಕೆ ನಡೆಯತೊಡಗಿದೆ. ಮೊಮ್ಮಗಳನ್ನು ಮರೆತಳು, ಸೊಸೆಯನ್ನು ತನ್ನ ತಂಗಿ ಎಂದಳು. ಒಂದು ಬೆಳಿಗ್ಗೆ ಮಗ ಗದ್ದೆಗೆ ನೀರು ಕಟ್ಟಿ ಒಳಗೆ ಬಂದ. ಚಾಪೆಯ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದವಳು ತಟ್ಟೆ ಬಿಟ್ಟು, ಕಂಬ ಹಿಡಿದು ಎದ್ದು, ಸೆರಗು ಎಳೆದುಕೊಂಡು ಬಾಗಿಲ ಹಿಂದೆ ನಿಂತಳು.

"ಭಾವೋರು ಬಂದವ್ರೆ, ಕುಡಿಯಾಕ್ ನೀರ್ ಕೊಡಮ್ಮಿ."

"ಅವ್ವಾ, ನಾನ್ ಕಣವ್ವಾ!" ಎಂದು ಇವನು ಬಡಕೊಂಡ. ಯಾರು ಕೇಳುತ್ತಾರೆ? ಹಣೆಯಿಂದ ನೆತ್ತಿಯವರೆಗೆ ಅದೇ ಹಂಡೆ, ಕಿವಿಯ ಸುತ್ತ ಅದೇ ಕೂದಲು!

ಅವಳ ಮೊಣಕಾಲು ಸವೆದುಹೋಗಿವೆ. ಇವನು ಒಳಗೆ ಬಂದಾಗಲೆಲ್ಲ ಅವಳು ಏಳಬೇಕು. ಇವನೋ, ಕುಡುಗೋಲು ಮರೆತೆ, ಬೀಡಿ ಮರೆತೆ ಎಂದು ಹತ್ತು ಸಲ ಒಳಗೆ ಹೊರಗೆ ಓಡಾಡುವ ಆಸಾಮಿ. ಹಿತ್ತಿಲ ಬಾಗಿಲಿನಿಂದ ಬಂದು ನೋಡಿದ. ಕೊಟ್ಟಿಗೆಯಲ್ಲಿ ಕೂತು ಉಂಡು ನೋಡಿದ. ಕೊನೆಗೆ ನನ್ನ ಜಗಲಿಗೆ ಬಂದ.

"ಅಣ್ಣೋ, ನಾನು ಕೂದ್ಲು ನೆಡಿಸ್ಕತೀನಿ. ತಲೆ ತುಂಬಾ ಕೂದ್ಲಿದ್ರೆ ಅವ್ವ ಗುರ್ತ್ ಇಡೀತಳೆ. ಕುಂತ್ಕಂಡ್ ಉಣ್ತಳೆ."

"ಅವ್ವನ ಎಸ್ರು ಏಳ್ಕಂಡು ಈರೋ ಆಗಾಕ್ ಒಂಟಿದೀಯ ಬುಡ್ಲಾ!" ಎಂದೆ. ಹಾಗೆನ್ನದೆ ಬಿಡುವವನೇ ನಾನು?

ಮೊದಲು ಮಂಡ್ಯದಿಂದ ಒಂದು ವಿಗ್ಗು ತಂದ. ಅದನ್ನು ಹಾಕಿಕೊಂಡು, ಮದುವೆ ಗಂಡಿನ ಹಾಗೆ ಮೆಲ್ಲಗೆ ಹೊಸ್ತಿಲು ದಾಟಿದ. ಚಿಕ್ಕವ್ವ ಒಂದು ಗಳಿಗೆ ನೋಡಿದಳು. ಆಮೇಲೆ ಸೊಸೆಯನ್ನು ಕೂಗಿದಳು: "ಭಾವೋರ್ ತಲೆ ಮ್ಯಾಲೆ ಬೆಕ್ ಕುಂತದೆ, ಓಡ್ಸಮ್ಮಿ!"

ಸರಿ, ಮೈಸೂರಿಗೆ ಹೋದದ್ದಾಯಿತು. ಜೊತೆಗೆ ನಾನೂ ಹೋಗಿದ್ದೆ. ನನ್ನ ತಲೆಯನ್ನು ಡಾಕ್ಟರಿಗೆ ಮಾದರಿಯಾಗಿ ತೋರಿಸಬೇಕಿತ್ತಲ್ಲ! ಡಾಕ್ಟರು ಚಿಕ್ಕ ವಯಸ್ಸಿನವರು. ತಲೆಯ ಹಿಂಭಾಗದಿಂದ ಬೇರುಸಮೇತ ಕೂದಲು ತೆಗೆದು ಮುಂದಕ್ಕೆ ಹಾಕುತ್ತೇವೆ ಎಂದು ವಿವರಿಸಿದರು. ಇವನ ಮುಖ ಅರಳಿತು. ಹುಟ್ಟಿದಂದಿನಿಂದ ಭತ್ತ ಬೆಳೆದವನಿಗೆ ಇದು ಹೊಸದೇ? "ಒಟ್ಲು ಪೈರು ಕಿತ್ತು ನಾಟಿ ಹಾಕೋದು ಅನ್ನಿ! ಸಾಲಿಂದ ಸಾಲಿಗೆ ಎಷ್ಟ್ ಬುಡ್ತೀರಾ ಸಾ?" ಎಂದ. ಕೂದಲು ಮೊದಲು ಉದುರುತ್ತದೆ, ಆಮೇಲೆ ಬರುತ್ತದೆ ಎಂದೂ ಡಾಕ್ಟರು ಹೇಳಿದರು. ಅಷ್ಟು ಹೊತ್ತಿಗೆ ಇವನ ಮನಸ್ಸು ಸಾಲು ಎಣಿಸುವುದರಲ್ಲಿತ್ತು.

ಆಪರೇಷನ್ನಿನ ದಿನ ಪೂರ್ತಾ ತಲೆ ಬೋಳಿಸಿ, ಇಬ್ಬರು ನರ್ಸಮ್ಮಂದಿರು ಬೆಳಗಿನಿಂದ ಸಂಜೆಯವರೆಗೆ ಬಗ್ಗಿ ನೆಟ್ಟರಂತೆ. ಮಧ್ಯಾಹ್ನ ಇವನು ಕೇಳಿದನಂತೆ: "ನಾಟಿ ಹಾಕೋವಾಗ ಪದ ಏಳಾಕಿಲ್ವೇನ್ರವ್ವಾ?"

ಬೋಳಿಸಿದ ತಲೆಯಲ್ಲಿ ಊರಿಗೆ ಬಂದನಲ್ಲ, ಅಲ್ಲಿ ಶುರುವಾಯಿತು ನೋಡಿ. ನಮ್ಮ ಕಡೆ ವಯಸ್ಸಾದ ತಾಯಿ ಇರುವ ಗಂಡಸು ತಲೆ ಬೋಳಿಸಿಕೊಂಡು ಬಸ್ಸಿಳಿದರೆ ಜನ ಏನಂದುಕೊಳ್ಳುತ್ತಾರೆ? ಬಸ್ ಸ್ಟ್ಯಾಂಡಿನಲ್ಲಿ ಚಿಕ್ಕರಸಿನಕೆರೆಯ ಪರಿಚಯದವನೊಬ್ಬ ನನ್ನ ಕಿವಿಯ ಹತ್ತಿರ ಬಂದು, "ಅವ್ರವ್ವ..?" ಎಂದ. ನಾನು ಹೌದು ಎನ್ನಲಿಲ್ಲ. ಇಲ್ಲ ಎಂದೂ ಅನ್ನಲಿಲ್ಲ. ಮೇಲೆ ನೋಡಿ ಒಂದು ನಿಟ್ಟುಸಿರು ಬಿಟ್ಟೆ, ಅಷ್ಟೆ.

ಮಾರನೆಯ ಬೆಳಿಗ್ಗೆ ಮಳವಳ್ಳಿಯ ನೆಂಟರು ಟೆಂಪೋ ಮಾಡಿಕೊಂಡು, ದಪ್ಪ ಹಾರ ಹಿಡಿದು ಬಂದಿಳಿದರು. ಹೆಂಗಸರು ಬೀದಿಯ ತುದಿಯಿಂದಲೇ ಅಳುತ್ತ ಬಂದರು. ಗಲಾಟೆ ಕೇಳಿ ಚಿಕ್ಕವ್ವ ಕೋಲೂರಿಕೊಂಡು ಹೊರಗೆ ಬಂದಳು. ಎಲ್ಲರೂ ಅಳುವುದನ್ನು ನೋಡಿ ಅವಳ ಕಣ್ಣಲ್ಲೂ ನೀರು.

"ಯಾರವ್ವಾ ಸತ್ತೋದೋರು?"

ಮುಂದೆ ಅಳುತ್ತಿದ್ದಾಕೆ ತಲೆಯೆತ್ತಿದಳು. ಅತ್ತ ರಭಸಕ್ಕೆ ಬಾಯಿಗೆ ಬಂದದ್ದನ್ನು ಅಂದುಬಿಟ್ಟಳು: "ನೀವೇ ಕಣವ್ವಾ!"

"ಅಯ್ಯೋ ಪಾಪ," ಎಂದಳು ಚಿಕ್ಕವ್ವ. "ವಯ್ಸೆಷ್ಟಾಗಿತ್ತು?"

ಆ ಹಾರ ಸುಮ್ಮನೆ ಬಾಡಬೇಕೆ? ತಂದು ತಮ್ಮನ ಕೊರಳಿಗೇ ಹಾಕಿದೆ. "ಮೀಸೆ ಅಂಗೇ ಅದಲ್ರಲಾ, ನೋಡ್ಬಾರ್ದಾ?" ಎಂದು ಅವನು ನೆಂಟರ ಮೇಲೆ ಕೂಗಾಡುತ್ತಿದ್ದ. ಬಂದವರು ಹೊಟ್ಟೆ ತುಂಬ ಉಪ್ಪಿಟ್ಟು ತಿಂದು, ಸತ್ತವಳ ಕಾಲಿಗೆ ನಮಸ್ಕಾರ ಮಾಡಿ ಹೋದರು.

ಆಮೇಲೆ ಪೈರು ಕಾಯುವ ಕೆಲಸ. ತಲೆ ದಿಂಬಿಗೆ ತಾಗಬಾರದೆಂದು ಕುರ್ಚಿಯಲ್ಲೇ ಮಲಗುತ್ತಿದ್ದ. ಕೊಟ್ಟ ಔಷಧಿ ನೀರನ್ನು ಗಳಿಗೆಗೊಮ್ಮೆ ಪುಸ್ ಪುಸ್ ಎಂದು ಹೊಡೆದುಕೊಳ್ಳುತ್ತಿದ್ದ. ನೊಣ ಬಂದರೂ ಹೆಂಡತಿಯನ್ನು ಕೂಗುತ್ತಿದ್ದ. ನೋಡುವಷ್ಟು ನೋಡಿ ನಾನು ಒಂದು ದಿನ ಅವನ ಕುರ್ಚಿಯ ಹಿಂದೆ, ಮಡಕೆಗೆ ಸುಣ್ಣದಲ್ಲಿ ಕಣ್ಣು ಮೂಗು ಬರೆದು, ಹಳೇ ಶರ್ಟು ತೊಡಿಸಿ, ಒಂದು ಬೆದರುಬೊಂಬೆ ನಿಲ್ಲಿಸಿದೆ. ಬೀದಿಯವರೆಲ್ಲ ನಕ್ಕರು. ಅವನು ನಗಲಿಲ್ಲ, ತೆಗೆಸಲೂ ಇಲ್ಲ. "ಇರ್ಲಿ ಬುಡಣ್ಣ, ಗುಬ್ಬಿ ಬರಾಕಿಲ್ಲ," ಎಂದ!

ಮೂರನೆಯ ವಾರ ತಲೆಯ ಮೇಲೆ ಕರ್ರಗೆ ಎಳೆ ಎಳೆ ನಿಂತಿತ್ತು. ಕನ್ನಡಿ ಹಿಡಿದು, "ಬೇರ್ ಕಚ್ಚದೆ ಕಣಣ್ಣೋ," ಎಂದು ಬೀಗಿದ. ಆ ಮಾತಾಡಿ ಎರಡು ದಿನ ಆಗಿರಲಿಲ್ಲ, ತಲೆ ಒರೆಸಿದ ಟವೆಲ್ಲಿನ ತುಂಬ ಕೂದಲು! ಮಾರನೆಯ ದಿನ ಇನ್ನಷ್ಟು. ವಾರ ತುಂಬುವುದರೊಳಗೆ ತಲೆ ಮತ್ತೆ ತಾಮ್ರದ ಹಂಡೆ. ಉದುರಿದ್ದನ್ನೆಲ್ಲ ಆರಿಸಿ ಕುಂಕುಮದ ಭರಣಿಯಲ್ಲಿ ತುಂಬಿಟ್ಟುಕೊಂಡು ಡಾಕ್ಟರಿಗೆ ಫೋನು ಮಾಡಿದ.

"ಸಾ, ಪೈರೆಲ್ಲಾ ಬಿದ್ದೋಯ್ತು. ಜೋಪಾನವಾಗ್ ಮಡಗಿವ್ನಿ. ತತ್ತೀನಿ, ಮತ್ತೆ ನೆಟ್ಬುಡಿ."

"ಬೇರು ಒಳಗೇ ಇರುತ್ತೆ ಯಜಮಾನ್ರೇ. ಇದು ಹೀಗೇ ಆಗೋದು, ನಾನು ಮೊದಲೇ ಹೇಳಿದ್ದೆನಲ್ಲ? ಕೆಲವು ತಿಂಗಳು ಕಾಯಿರಿ, ಬರುತ್ತೆ."

"ನಾಟಿ ಹಾಕಿದ್ ಪೈರು ಅಳ್ದಿ ಬಣ್ಣಕ್ ತಿರುಗ್ತದೆ, ಒಪ್ಕತೀನಿ. ಉದುರೋದ್ ಎಲ್ಲಾರ ಕಂಡಿದೀರಾ ಸಾ?"

ನಾನು ಫೋನು ಕಸಿದುಕೊಂಡು ಅವನಿಗೆ, "ಭತ್ತ ಅನ್ಕಬ್ಯಾಡ ಕಣ್ಲಾ, ಕಬ್ಬು ಅನ್ಕೊ. ಕಡಿದ್ ಮ್ಯಾಲೆ ಬುಡದಿಂದ ಕೂಳೆ ಬರಾಕಿಲ್ವ?" ಎಂದೆ. ಅವನಿಗೆ ಸಮಾಧಾನವಾಗಲಿಲ್ಲ. ಒಬ್ಬರು ಈರುಳ್ಳಿ ರಸ ತಿಕ್ಕು ಎಂದರು, ತಿಕ್ಕಿದ. ಹತ್ತಿರ ಯಾರೂ ಸುಳಿಯಲಿಲ್ಲ. ವೈದ್ಯನಾಥಪುರಕ್ಕೆ ಹೋಗಿ ದೇವರ ಮುಂದೆ ತಲೆ ಇಟ್ಟು ಬಾ ಎಂದರು, ಹೋದ. ಅಲ್ಲಿ ಪಕ್ಕದಲ್ಲಿ ನಿಂತಿದ್ದ ಭಕ್ತರೊಬ್ಬರು, "ಮುಡಿ ಕೊಟ್ರಾ? ಒಳ್ಳೇದಾಯ್ತದೆ," ಎಂದು ಹರಸಿದರಂತೆ.

ಅಲ್ಲಿಂದ ಬಂದವನು ಮನೆಯೊಳಗೆ ಹೋಗುವುದನ್ನೇ ಬಿಟ್ಟ. ಕಬ್ಬಿನ ಗದ್ದೆಯ ಬದುವಿನ ಮೇಲೆ ಟವೆಲ್ ಹೊದ್ದು ಕೂತುಬಿಟ್ಟ. ಊಟಕ್ಕೂ ಬರಲಿಲ್ಲ. ಇತ್ತ ಒಳಗೆ ಚಿಕ್ಕವ್ವನ ಮುಂದೆ ಮುದ್ದೆ ಆರುತ್ತಿತ್ತು. "ಭಾವೋರು ಉಂಡಿಲ್ಲ, ನಾನೆಂಗ್ ಉಣ್ಣಲಿ?" ಸೊಸೆ ಬೇಡಿದಳು, ಗದರಿಸಿದಳು, ಅತ್ತಳು. ಚಿಕ್ಕವ್ವ ತಟ್ಟೆಗೆ ಕೈ ಹಾಕಲಿಲ್ಲ. ಮಾರನೆಯ ಮಧ್ಯಾಹ್ನವೂ ಅದೇ. ಸೊಸೆ ನನ್ನ ಬಾಗಿಲಿಗೆ ಓಡಿಬಂದಳು.

"ಭಾವ, ಅತ್ತೆ ಎಲ್ಡ್ ದಿನದಿಂದ ಬರೀ ನೀರು. ಏನಾರ ಮಾಡಿ."

ಗದ್ದೆಗೆ ಹೋಗಿ ಅವನನ್ನು ರಟ್ಟೆ ಹಿಡಿದು ಎಬ್ಬಿಸಿದೆ.

"ಮಗ ಆಗಿ ಉಣ್ಸಾಕ್ ಆಗ್ಲಿಲ್ಲ ತಾನೆ? ಭಾವ ಆಗೇ ಉಣ್ಸು, ಬಾ."

"ನಂಗ್ ದೊಡ್ಡಪ್ಪನಂಗೆ ಮಾತಾಡಾಕ್ ಬರಾಕಿಲ್ವಲ್ಲಣ್ಣ."

"ಬರಾಕಿಲ್ಲ ಅಂದ್ರೆ? ಗುರು ನಾನಿಲ್ವೇನ್ಲಾ!"

ಆ ಬದುವಿನ ಮೇಲೆ ಅವನಿಗೆ ನಮ್ಮಪ್ಪನ ಕೆಮ್ಮನ್ನೂ ದನಿಯನ್ನೂ ಕಲಿಸಿದೆ. ಮೊದಲ ಸಲ ಕೆಮ್ಮಿದಾಗ ಕುರಿ ಸೀನಿದ ಹಾಗಿತ್ತು. ಎರಡನೆಯ ಸಲ ಮೋಟಾರು ಕೆಟ್ಟ ಹಾಗೆ. ಕಬ್ಬಿಗೆ ಗೊಬ್ಬರ ಹಾಕುತ್ತಿದ್ದ ಆಳುಗಳು, ಇಬ್ಬರಿಗೂ ಏನೋ ಬಡಿದಿದೆ ಎಂದು ಗೊಬ್ಬರದ ಮಂಕರಿ ಅಲ್ಲೇ ಬಿಟ್ಟು ನೋಡುತ್ತ ನಿಂತರು. ನಾನೇ ಹೋಗಿ ಕೆಮ್ಮಬಹುದಿತ್ತಲ್ಲ ಅನ್ನುತ್ತೀರಾ? ನನ್ನ ಹತ್ತಿರ ಇದ್ದದ್ದು ಕೆಮ್ಮು, ದನಿ ಮಾತ್ರ. ತಲೆ ಇದ್ದದ್ದು ಅವನ ಹತ್ತಿರ!

ಹೊಸ್ತಿಲ ಬಳಿ ನಿಂತು ಕೆಮ್ಮಿದ. ಒಳಗೆ ಬಳೆ ಸದ್ದಾಯಿತು. ಚಿಕ್ಕವ್ವ ಎದ್ದು ಬಾಗಿಲ ಹಿಂದೆ ನಿಂತಳು.

"ನಾನ್ ಉಂಡಾಯ್ತು ಕಣವ್ವಾ," ಎಂದ ಅವನು, ನಮ್ಮಪ್ಪನ ದನಿಯಲ್ಲಿ. "ಕಾಲ್ ನೋವ್ ಇಟ್ಕಂಡು ನಿಂತ್ಕಬ್ಯಾಡ. ಇನ್ಮ್ಯಾಕೆ ನಾನ್ ಬಂದ್ರೂ ಏಳ್ಬ್ಯಾಡ. ಕುಂತ್ಕಂಡು ಉಣ್ಣು."

ಭಾವನ ಮಾತು ಮೀರುವುದುಂಟೇ! ಚಿಕ್ಕವ್ವ ಕೂತಳು. ಉಂಡಳು. ಇನ್ನೊಂದು ತುತ್ತು ಮುದ್ದೆ ಕೇಳಿ ಹಾಕಿಸಿಕೊಂಡಳು. ಹೊರಗೆ ಜಗಲಿಯ ಮೇಲೆ ಕೂತಿದ್ದ ಅವನು ಟವೆಲ್ಲಿನಿಂದ ಬೋಳುತಲೆಯನ್ನು ಒರೆಸಿಕೊಂಡ. ತಲೆಯಲ್ಲಿ ಬೆವರೇ ಇರಲಿಲ್ಲ.

ತಿಂಗಳುಗಳು ಕಳೆದವು. ಡಾಕ್ಟರ ಮಾತು ಸುಳ್ಳಾಗಲಿಲ್ಲ. ಮೊದಲು ಹೂಹುಡಿಯ ಹಾಗೆ ಕಂಡದ್ದು, ನೋಡನೋಡುತ್ತಲೇ ಕರ್ರಗೆ ದಟ್ಟವಾಯಿತು. ನಿಜ ಹೇಳುತ್ತೇನೆ, ನನಗೇ ಒಂಚೂರು ಹೊಟ್ಟೆ ಉರಿಯಿತು! ಹಬ್ಬದ ದಿನ ಎಣ್ಣೆ ಹಚ್ಚಿ ಕ್ರಾಪು ಬಾಚಿ, ಹೊಸ ಅಂಗಿ ತೊಟ್ಟು ಅವ್ವನ ಮುಂದೆ ಹೋಗಿ ನಿಂತ. ಕೆಮ್ಮಲಿಲ್ಲ. ಮಗ ಏಕೆ ಕೆಮ್ಮಬೇಕು?

ಚಿಕ್ಕವ್ವ ಗೋಡೆಗೆ ಸರಿದು ಕೂತಳು. "ಯಾರಪ್ಪಾ ನೀನು? ಮನೇಲಿ ಗಂಡಸ್ರಿಲ್ಲ. ಭಾವೋರು ಬಂದ್ ಮ್ಯಾಲೆ ಬಾ, ಓಗು."

"ಅವ್ವಾ..."

"ಓಗಪ್ಪಾ, ನಿಂಗ್ ಕೈ ಮುಗೀತೀನಿ."

ಅವನು ಹೊರಗೆ ಬಂದ. ನಾನು ತಮಾಷೆ ಮಾಡಲೆಂದು ಬಾಯಿ ತೆರೆದವನು, ಅವನ ಮುಖ ನೋಡಿ ಮುಚ್ಚಿಕೊಂಡೆ. ಸೀದಾ ಬೈಕು ಹತ್ತಿದ. ಹಿಂದೆ ನಾನೂ ಹತ್ತಿದೆ.

ಮದ್ದೂರಿನ ಕಟಿಂಗ್ ಶಾಪಿನವನು ಕತ್ತರಿ ಕೆಳಗಿಟ್ಟ. "ಗೌಡ್ರೇ, ಇಷ್ಟ್ ಚೆಂದಾಗ್ ಬಂದದೆ! ಎಲ್ರೂ ಬೋಳು ಮುಚ್ಕಳಾಕ್ ಬತ್ತಾರೆ. ಬೋಳು ಮಾಡ್ಸ್ಕಳಾಕ್ ಬಂದಿದ್ದು ನೀವೊಬ್ರೇ!"

"ಸುತ್ತ ಬುಡಪ್ಪ. ಮಧ್ಯ ತೆಗಿ," ಎಂದ ಇವನು, ಕಣ್ಣು ಮುಚ್ಚಿಕೊಂಡು.

ಪಕ್ಕದಲ್ಲಿ ನಿಂತು ಅಳತೆ ಹೇಳುವ ಕೆಲಸ ನನ್ನದು. "ಇನ್ನೊಂಚೂರು ಇಂದಕ್ಕೆ. ಕಿವಿ ತಾವ ಒಂದ್ ಬೆರ್ಳು ಮ್ಯಾಕೆ ನಿಲ್ಸು. ಆಂ, ಅಲ್ಲಿಗೆ ಸರಿ." ಕೂದಲು ಕೆಳಗೆ ಬೀಳುತ್ತ ಹೋದ ಹಾಗೆ ಕನ್ನಡಿಯಲ್ಲಿ ಒಂದು ಮುಖ ಮೇಲೆದ್ದು ಬಂತು. ಅದನ್ನು ಕಂಡು ಎಷ್ಟು ವರ್ಷವಾಗಿತ್ತೋ. ನನಗರಿವಿಲ್ಲದೆ, ನಮ್ಮಪ್ಪನೆದುರು ನಿಲ್ಲುತ್ತಿದ್ದ ಹಾಗೆ ಕೈ ಕಟ್ಟಿಕೊಂಡು ನಿಂತಿದ್ದೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಹೊಸ್ತಿಲ ಬಳಿ ಆ ಕೆಮ್ಮು ಕೇಳಿತು. ಈಗ ಅದು ನನಗಿಂತ ಅವನಿಗೇ ಚೆನ್ನಾಗಿ ಬರುತ್ತದೆ. ಜಗಲಿಯಲ್ಲಿದ್ದ ನಾನೇ ಎದ್ದು ನಿಂತುಬಿಟ್ಟೆ. ಒಳಗೆ ಚಿಕ್ಕವ್ವ ಏಳಲಿಲ್ಲ. ಕೂತಲ್ಲಿಂದಲೇ ಸೆರಗು ತಲೆಗೆಳೆದುಕೊಂಡಳು.

"ಬಂದ್ರಾ ಭಾವೋರೆ? ಯಾವನೋ ಬಂದಿದ್ದ ಬೆಳಿಗ್ಗೆ, ಎದ್ರಿಕೆ ಆಗೋಯ್ತು."

"ಇನ್ ಬರಾಕಿಲ್ಲ ಬುಡವ್ವಾ, ಕಳಿಸ್ಬುಟ್ಟೆ. ಉಂಡ್ಯಾ?"

"ಉಂಡೆ. ನನ್ ಮಗ ಮಾತ್ರ ಇನ್ನೂ ಬಂದಿಲ್ಲ. ಒಬ್ಬಟ್ ಎತ್ ಮಡಗಿವ್ನಿ, ಅವಂಗೆ ಅದಂದ್ರೆ ಪ್ರಾಣ." ಸೆರಗನ್ನು ಇನ್ನೊಂಚೂರು ಮುಂದಕ್ಕೆಳೆದುಕೊಂಡಳು. "ಒತ್ತಾಗ್ ಬಂದ ಅಂತ ಬಯ್ಬ್ಯಾಡಿ ಭಾವೋರೆ. ಒಳ್ಳೇನು ಅವ್ನು."

ಕತ್ತಲಲ್ಲಿ ಆ ಬೋಳುತಲೆ ನಿಧಾನವಾಗಿ ಆಡಿತು.

"ಬಯ್ಯಾಕಿಲ್ಲ ಕಣವ್ವಾ," ಎಂದ. "ಬತ್ತನೆ. ನೀನ್ ಮಲೀಕೊ."